ಉಳಿಕೆ

ಧಾರವಾಡ, ಸಪ್ತಾಪುರದ ಅಡ್ಡರಸ್ತೆ,
ಕೆಳಗಿನ ಮನಿ, ನಾಕು ಮಂದಿ, ಒಂದು ಬಚ್ಚಲಾ.
ಸಂಖ್ಯಾಶಾಸ್ತ್ರ ಓದಾಕಿ ಅಂತ
ಲೆಕ್ಕದ ಬುಕ್ಕು ನನ್ನ ಕೊಳ್ಳಿಗೆ ಕಟ್ಯಾರ.
ಸಿಲಿಂಡರ್ ನಲವತ್ತೇಳು ದಿನ ಬರತೈತಿ,
ಹಬ್ಬ ಇದ್ರ ನಲವತ್ತು.
ನಳ ಐದು ದಿನಕ್ಕೊಮ್ಮೆ, ಅದೂ ನಡುರಾತ್ರಿ;
ಬ್ಯಾರಲ್ ತುಂಬ್ಸಾಕ ಎದ್ದಾಕಿಗೆ
ಆ ವಾರ ಕಸಬರಗಿ ಮಾಫ್.
ಇವೆಲ್ಲಾ ಅಂದಾಜಿನ್ಯಾಗ ಕುಂದ್ರತಾವ.
ಕರೆಂಟ್ ಮಾತ್ರ ಕುಂದ್ರೂದಿಲ್ಲ.

ಸರಕಾರದ ಪುಕ್ಕಟೆ ಯೂನಿಟ್ ಮ್ಯಾಲಿನ ಮನಿ ಮೀಟರಿಗೆ.
ನಮಗೂ ಒಂದು ಬಾಡಗಿ ಪತ್ರ ಮಾಡಿಕೊಡ್ರಿ ಅಂದ್ರ
ಮಾಲಕಿ ಗುರುಬಾಯಕ್ಕ ‘ನೋಡೂಣಂತ’ ಅಂತಾರ.
ಎರಡು ವರ್ಷಾತು ನೋಡಾಕತ್ತು.

ಡಿಸೆಂಬರಿನ ಬಿಲ್ಲು: ತೊಂಬತ್ಮೂರು ಯೂನಿಟ್.
ಪೆನ್ಸಿಲ್ ಹಿಡಕೊಂಡು ಕುಂತೆ.
ನೀರು ಕಾಸೋ ಕಾಯಿಲು, ದೀಡ ಕಿಲೋವ್ಯಾಟು,
ಒಬ್ಬೊಬ್ಬಾಕಿಗೆ ಕಾಲು ತಾಸು,
ಮೂವತ್ತು ಮುಂಜಾನಿ: ನಲವತ್ತೈದು.
ಟ್ಯೂಬ್‌ಲೈಟು ಹದಿನಾಕು.
ಇಸ್ತ್ರಿ, ಮಿಕ್ಸರ್, ನಾಕು ಫೋನು: ಐದು ಹಿಡಿ.
ಮಾಗಿ ಚಳಿ, ಫ್ಯಾನು ಯಾರೂ ಹಚ್ಚಿಲ್ಲ.
ಉಳಿಕೆ ಇಪ್ಪತ್ತೊಂಬತ್ತು.

ಐದನೇದಾಕಿ ಒಬ್ಬಾಕಿ ಮನಿಯೊಳಗ
ಕಾಣದಂಗ ಇದ್ದಾಳೇನು ಅನಿಸ್ತು.

ಮೊದಲಿಗೆ ಹಸೀನಾನ ಮ್ಯಾಲೆ ಬಂತು,
ಬೆಳತನಕಾ ಓದಾಕಿ.
‘ನನ್ನ ದೀಪ ಒಂಬತ್ತು ವ್ಯಾಟು,
ಸವಣೂರಿಂದ ತಂದೀನಿ, ಎಣಿಸ್ಕೊ’ ಅಂದ್ಲು.
ಆಮ್ಯಾಲೆ ದಾಕ್ಷಾಯಣಿ, ಕೂದಲಾ ಒಣಗಸೋ ಮಷೀನು.
‘ಹದಿನೆಂಟು ದಿನಾ ಬ್ಯಾಡಗಿಗೆ ಹೋಗಿದ್ದೆ,
ಅಲ್ಲಿಂದ ಒಣಗಸ್ಕೊಂಡ್ನೇನು?’
ಖರೆ. ಹಂಗಾದ್ರ ಕಾಯಿಲಿನ್ಯಾಗ ಏಳು ಕಡಿಮಿ,
ಉಳಿಕೆ ಈಗ ಮೂವತ್ತಾರು!

ಶಿವಲೀಲಾ ಜಗಳಾ ಆಡ್ಲಿಲ್ಲ. ಆಕಿ ಹಂಗ.
ಪಾಲು ಇನ್ನೂರಾ ಇಪ್ಪತ್ತಾರು ಬಂದ್ರ
ಇನ್ನೂರೈವತ್ತು ಹಾಕತಾಳ,
‘ಚಿಲ್ರಿ ಇಲ್ಲ, ನಿನ್ನ ಕಡೆ ಇರಲಿ.’
ಫೋನಿನಿಂದ ಕಳಸೂ ರೊಕ್ಕಕ್ಕ ಚಿಲ್ರಿ ಯಾಕ ಬೇಕಂತ
ಸಂಖ್ಯಾಶಾಸ್ತ್ರದಾಕಿಗೆ ಹೊಳೀಲಿಲ್ಲ.

ಆ ರಾತ್ರಿ ಎಲ್ಲಾ ಸ್ವಿಚ್ಚು ಆರಿಸಿ, ಪ್ಲಗ್ ಕಿತ್ತು,
ಮೀಟರಿನ ಮುಂದ ನಿಂತ್ವಿ.
ಕೆಂಪು ಚುಕ್ಕಿ ಮಿಣುಕ್ ಅಂತು.
ತಡದು, ಮತ್ತ ಮಿಣುಕ್.
ಕತ್ತಲದಾಗ ಯಾರೋ ಉಸರಾಡಿದಂಗ.
ಗ್ವಾಡಿ ಗುಂಟ ಮ್ಯಾಲೆ ಹೊಂಟಿತ್ತು ಒಂದು ವಾಯರ್,
ಸುಣ್ಣಾ ಬಳಕೊಂಡು ಗ್ವಾಡಿನ ಆಗಿತ್ತು.

ಪಾವಟಿಗಿ ಹತ್ತಿದ್ವಿ. ಜಗಳಾ ಬಾಯಿಪಾಠ ಮಾಡಕೊಂಡಿದ್ದೆ.
ಗುರುಬಾಯಕ್ಕ ‘ಬರ್ರೆವಾ, ಮಜ್ಜಿಗಿ ಕುಡೀರಿ’ ಅಂತ
ಫ್ರಿಜ್ಜಿನ ಬಾಗಲಾ ತಗದ್ರು.
ಮಜ್ಜಿಗಿ ತಂಬಗಿ, ಅರ್ಧ ಸವತಿಕಾಯಿ,
ತತ್ತಿ ಇಡಾಕಂತ ಮಾಡಿದ ಗುಣಿಯೊಳಗ
(ಆ ಮನ್ಯಾಗ ತತ್ತಿ ಎಂದೂ ಬಂದಿಲ್ಲ)
ಸಣ್ಣ ಸಣ್ಣ ಶೀಸೆ, ಮ್ಯಾಲೆ ಚೀಟಿ:
ಶಿವಲೀಲಾ, ರೋಣ.

‘ಸೂಜಿ ಔಷಧ, ತಂಪಿನ್ಯಾಗ ಇರಬೇಕಂತ.
ನನ್ನ ಮೀಟರಿಗೆ ಹಚ್ಚಿದ್ರ ಪುಕ್ಕಟೆ ಮಿತಿ ದಾಟತೈತಿ,
ಅದಕ್ಕ ನಿಮ್ಮ ಕಡಿಂದ ಎಳದೀನಿ.
ಯಾಕ, ಆಕಿ ಹೇಳಿಲ್ಲೇನು?’

ಶಿವಲೀಲಾ ವಾಟೆದಾಗ ನೋಡಾಕತ್ತಿದ್ಲು.
‘ಹಾಸ್ಟೆಲಿನ್ಯಾಗ ಇದ್ದಾಗ ಹೇಳಿದ್ದೆ’ ಅಂದ್ಲು.
ಮುಂದ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ.
ಹಸೀನಾ, ‘ಉಪ್ಪು ಕಡಿಮಿ ಆಗೈತ್ರಿ ಅಕ್ಕಾರ.’
ದಾಕ್ಷಾಯಣಿ ಮೆಣಸಿನಕಾಯಿ ದಲಾಲರ ಮಗಳು,
‘ಸವತಿಕಾಯಿ ನಿಮ್ದಲ್ರಿ? ಅರ್ಧ ನೀವು ಕೊಡ್ರಿ’ ಅಂದ್ಲು.
‘ನೋಡೂಣಂತ.’

ಜನವರಿ ಬಿಲ್ಲು ಬಂತು.
ಬುಕ್ಕಿನ್ಯಾಗ ಉಳಿಕೆ ಅನ್ನೋದನ್ನ ಹೊಡದುಹಾಕಿ
ಬರದೆ: ಮಜ್ಜಿಗಿ, ಮೂವತ್ತೈದು, ಭಾಗಿಲೆ ನಾಕು.
ಪಾಲು ಇನ್ನೂರಾ ಮೂವತ್ಮೂರು.
ಶಿವಲೀಲಾ ಇನ್ನೂರೈವತ್ತು ಕಳಿಸಿದ್ಲು.
ಹದಿನೇಳು ಹೊಳ್ಳಿ ಕಳಿಸಿ, ಕೆಳಗ ಒಂದು ಸಾಲು ಹಾಕಿದೆ:
ಚಿಲ್ರಿ ಸಿಕ್ತು.